ಬೆಲ್ಪರ್ ದಾಟಿದರೆ ನಿಲ್ಲುವ ಎಂಜಿಬಿ: ಒಂದು ತುಕ್ಕು ಗಾಡಿಯ ದೋಷ ಹುಡುಕಿದ ಬಗೆ

ಗಾಡಿ 1970ರ ಎಂಜಿಬಿ ರೋಡ್‌ಸ್ಟರ್, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎರಡು ಸೀಟು, ಬಟ್ಟೆಯ ಟಾಪು, 1798 ಸಿಸಿ ಇಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಎರಡು ಎಸ್‌ಯು ಕಂಪನಿಯ ಕಾರ್ಬೊರೇಟರ್. ಇದನ್ನು ವಿಂಟೇಜ್ ಎಂದರೆ ಇಲ್ಲಿ ಇಂಗ್ಲೆಂಡಿನಲ್ಲಿ ತಕ್ಷಣ ತಿದ್ದುತ್ತಾರೆ. 1919ರಿಂದ 1930ರವರೆಗಿನದು ಮಾತ್ರ ವಿಂಟೇಜ್, ಇದು ಕ್ಲಾಸಿಕ್ ಅಂತೆ. ನಮ್ಮ ಮಂಡ್ಯದಲ್ಲಿ ಹಳೇದೆಲ್ಲ ವಿಂಟೇಜೇ. ನಾನೂ ಹಾಗೇ ಕರೆಯುತ್ತೇನೆ.

ಡರ್ಬಿಯ ಹತ್ತಿರ ಒಂದು ಕೊಟ್ಟಿಗೆಯಲ್ಲಿ ಹದಿನೆಂಟು ವರ್ಷ ನಿಂತಿದ್ದ ಗಾಡಿ ಇದು. ಮನೆಯ ಗ್ಯಾರೇಜಿನಲ್ಲಿ ಎರಡು ವರ್ಷ ಕೂತು ತಗಡು ಕತ್ತರಿಸಿ, ವೆಲ್ಡ್ ಮಾಡಿ, ಬಣ್ಣ ಹೊಡೆದೆ. ಇಂಜಿನ್ ಬಿಚ್ಚಿ ಕಟ್ಟಿದೆ. ಮೊದಲ ಸಲ ಸೆಲ್ಫ್ ಹೊಡೆದಾಗ ಸಲೀಸಾಗಿ ಸ್ಟಾರ್ಟ್ ಆಯಿತು. ಆಮೇಲೆ ಶುರುವಾಯಿತು ನೋಡಿ ಕಾಟ.

ಡರ್ಬಿಯಿಂದ ಎ6 ರಸ್ತೆ ಹಿಡಿದು ಮ್ಯಾಟ್‌ಲಾಕ್ ಕಡೆ ಹೊರಟರೆ ಸುಮಾರು 8 ಮೈಲಿಗೆ ಬೆಲ್ಪರ್ ಸಿಗುತ್ತದೆ. ಅಲ್ಲಿಯವರೆಗೆ ಗಾಡಿ ಬೆಣ್ಣೆಯ ಹಾಗೆ ಓಡುತ್ತದೆ. ಬೆಲ್ಪರ್ ದಾಟಿ ಒಂದು ಮೈಲಿ ಆಗುವಷ್ಟರಲ್ಲಿ ಪಿಕಪ್ ಇಳಿಯುತ್ತದೆ, ಬಿಕ್ಕಳಿಸುತ್ತದೆ, ಸತ್ತು ಹೋಗುತ್ತದೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್. ಮತ್ತೆ ಎಂಟೊಂಬತ್ತು ಮೈಲಿ. ಮತ್ತೆ ಅದೇ ಕಥೆ.

ಹಳೇ ಗಾಡಿ ಇಟ್ಟುಕೊಂಡ ಯಾರಿಗೆ ಕೇಳಿದರೂ ಈ ದೋಷ ಗೊತ್ತು. ಆದರೆ ಎಲ್ಲರದ್ದೂ ಬೇರೆ ಬೇರೆ ಉತ್ತರ. ಹಾಗಾಗಿ ನಾನು ಎಲ್ಲಿ ಎಡವಿದೆ, ಕೊನೆಗೆ ಹೇಗೆ ಹಿಡಿದೆ ಅನ್ನುವುದನ್ನು ಇದ್ದ ಹಾಗೇ ಬರೆದಿದ್ದೇನೆ.

ಮೊದಲು ಮಾಡಿದ ತಪ್ಪು

"ಬಿಸಿಯಾದ ಮೇಲೆ ನಿಲ್ಲುತ್ತದೆ, ತಣ್ಣಗಾದ ಮೇಲೆ ಓಡುತ್ತದೆ." ಹೀಗೆ ಅಂದುಕೊಂಡದ್ದೇ ಮೊದಲ ತಪ್ಪು. ನಿಜವಾಗಿ ನನಗೆ ಗೊತ್ತಿದ್ದದ್ದು ಇಷ್ಟೇ: ಸ್ವಲ್ಪ ಹೊತ್ತು ಓಡಿದ ಮೇಲೆ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟ ಮೇಲೆ ಓಡುತ್ತದೆ. ನಡುವೆ ಬಿಸಿ ಅನ್ನುವುದನ್ನು ತಂದು ಸೇರಿಸಿದವನು ನಾನೇ.

ಬಿಸಿ ಅಂದ ಕೂಡಲೇ ಸಂಶಯ ಹೋಗುವುದು ಪ್ಲಗ್ಗಿನ ಕಿಡಿಗೆ ಬೇಕಾದ ಕಂಡೆನ್ಸರ್ ಮತ್ತು ಕಾಯಿಲ್ ಮೇಲೆ. ಎರಡೂ ಬಿಸಿಯಾದಾಗ ಕೈಕೊಡುವ ಸಾಮಾನುಗಳೇ. ಒಂದು ಅಂಗಡಿಯಿಂದ ಕಂಡೆನ್ಸರ್ ತರಿಸಿ ಹಾಕಿದೆ. ಅದು ಹಳೇದಕ್ಕಿಂತ ಕೆಟ್ಟದಾಗಿತ್ತು, ಮನೆ ಮುಂದೆಯೇ ಮಿಸ್ಸಿಂಗ್ ಶುರುವಾಯಿತು. ಈಗ ಒಂದರ ಜಾಗದಲ್ಲಿ ಎರಡು ದೋಷ! ಹಳೇದನ್ನೇ ವಾಪಸ್ ಹಾಕಿದೆ. ಆಮೇಲೆ ಕಾಯಿಲ್. ಮೀಟರಿನಲ್ಲಿ ಅಳೆದರೆ ಹಳೇ ಕಾಯಿಲ್ ಸುಮಾರು 3 ಓಮ್ ತೋರಿಸುತ್ತಿತ್ತು, ಅಂದರೆ ಈ ಗಾಡಿಗೆ ಸರಿಯಾಗೇ ಇತ್ತು. ಆದರೂ ಬದಲಿಸಿದೆ. ಕಾಯಿಲ್ಲಿನ ಕರೆಂಟನ್ನು ಕಡಿದು ಕೂಡಿಸುವ ಸಿ.ಬಿ. ಪಾಯಿಂಟ್ ಹೊಸದು ಹಾಕಿ 0.35 ಮಿ.ಮೀ.ಗೆ ಗ್ಯಾಪ್ ಇಟ್ಟೆ. ಪ್ಲಗ್ಗು ಬದಲಿಸಿದೆ.

ಬೆಲ್ಪರ್ ದಾಟಿ ಒಂದು ಮೈಲಿಗೆ ಗಾಡಿ ನಿಂತಿತು.

ಹಳೇ ಗಾಡಿಗೆ ಹೊಸ ಸಾಮಾನು ಹಾಕಿದರೆ ತಪ್ಪೇನಿಲ್ಲವಲ್ಲ ಅಂತ ಅನ್ನಿಸಬಹುದು. ಇದೆ ತಪ್ಪು. ದೋಷ ಗೊತ್ತಾಗದೆ ಮೂರು ಸಾಮಾನು ಬದಲಿಸಿದರೆ ಪರೀಕ್ಷೆ ಮಾಡದ ಮೂರು ಹೊಸ ಸಾಮಾನು ಗಾಡಿಯೊಳಗೆ ಬಂದ ಹಾಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ತೆಗೆದ ಸಾಮಾನನ್ನು ಎಸೆಯಬೇಡಿ.

ಚಿಕ್ಕಪ್ಪನ ಪ್ರಶ್ನೆ

ನಮ್ಮ ಚಿಕ್ಕಪ್ಪ ಮಂಡ್ಯದಲ್ಲಿ ಮೂವತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಅಂಬಾಸಿಡರಿನ ಹಳೇ ಪೆಟ್ರೋಲ್ ಇಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್, 1489 ಸಿಸಿ. ಎಂಜಿಬಿಯ ಇಂಜಿನ್ನೂ ಅದೇ ವಂಶದ್ದು, ಇನ್ನಷ್ಟು ದೊಡ್ಡದು ಅಷ್ಟೇ. ಎಂಜಿಬಿಗಿಂತ ಹಿಂದಿನ ಎಂಜಿಎ ಸ್ಪೋರ್ಟ್ಸ್ ಕಾರು ಮೊದಲು ಬಂದಾಗ ಅದರಲ್ಲಿದ್ದದ್ದೂ ಇದೇ 1489 ಸಿಸಿ ಬಿ-ಸೀರೀಸ್. ವಿಡಿಯೋ ಕಾಲಿನಲ್ಲಿ ಬಾನೆಟ್ ಎತ್ತಿ ತೋರಿಸಿದಾಗ ಚಿಕ್ಕಪ್ಪ ನಕ್ಕುಬಿಟ್ಟರು. "ಲೇ, ಇದು ನಮ್ ಗಾಡಿ ಇಂಜಿನ್ ಅಲ್ವೇನ್ಲಾ! ಇದಕ್ಕೆ ಅಷ್ಟು ದುಡ್ಡು ಕೊಟ್ಯಾ?"

ದೂರು ಹೇಳಿದೆ. ಅವರು ಕಾಯಿಲ್ ಬಗ್ಗೆಯೂ ಕೇಳಲಿಲ್ಲ, ಕಂಡೆನ್ಸರ್ ಬಗ್ಗೆಯೂ ಕೇಳಲಿಲ್ಲ. ಕೇಳಿದ್ದು ಎರಡೇ.

"ಮನೆ ಮುಂದೆ ಸುಮ್ನೆ ಆನ್ ಮಾಡಿ ಬುಟ್ರೆ ಎಷ್ಟೊತ್ತಿಗೆ ನಿಲ್ತದೆ?"

ಗೊತ್ತಿಲ್ಲ ಅಂದೆ.

"ನಿಂತಾಗ ಟ್ಯಾಂಕಿನ ಮುಚ್ಚಳ ತಗ್ದು ನೋಡ್ದ್ಯಾ?"

ಅದೂ ಇಲ್ಲ.

"ಮತ್ತೆ ಇಷ್ಟ್ ದಿನ ಏನ್ ನೋಡ್ದೆ ಮಗಾ ನೀನು?"

ಲೆಕ್ಕ ಇಡುವುದು

ಆವತ್ತೇ ಒಂದು ನೋಟ್‌ಬುಕ್ ತಂದು ಗಾಡಿಯಲ್ಲಿ ಇಟ್ಟೆ. ಪ್ರತಿ ಸಲ ಬರೆದದ್ದು ಇಷ್ಟು: ಎಷ್ಟು ನಿಮಿಷ, ಎಷ್ಟು ಮೈಲಿ, ಎಷ್ಟು ವೇಗ, ಏರೋ ಸಮವೋ, ಹೊರಗೆ ಚಳಿಯೋ ಬಿಸಿಲೋ.

ಒಂದು ವಾರದಲ್ಲಿ ಚಿತ್ರ ಬದಲಾಯಿತು. ಎ6 ರಸ್ತೆಯಲ್ಲಿ 50 ಮೈಲಿ ವೇಗದಲ್ಲಿ ಹೋದರೆ 9 ಮೈಲಿಗೆ ನಿಲ್ಲುತ್ತದೆ. ಊರೊಳಗೆ ನಿಧಾನಕ್ಕೆ ಸುತ್ತಿದರೆ 40 ನಿಮಿಷ ಆದರೂ ನಿಲ್ಲುವುದಿಲ್ಲ. ಮನೆ ಮುಂದೆ ಸ್ಲೋ ಸ್ಪೀಡಿನಲ್ಲಿ ಬಿಟ್ಟರೆ ಒಂದು ಗಂಟೆ ಆದರೂ ಏನೂ ಆಗುವುದಿಲ್ಲ. ಬೆಲ್ಪರ್ ಆಚೆಯ ಕ್ರಾಮ್‌ಫರ್ಡ್ ಏರನ್ನು ಹತ್ತಿಸಿದರೆ ಅರ್ಧಕ್ಕೇ ಬಿಕ್ಕಳಿಕೆ. ಮುಂಜಾನೆ ಮಂಜು ಬಿದ್ದಿದ್ದ ದಿನವೂ ಇದೇ ಲೆಕ್ಕ.

ಇದರಲ್ಲಿ ಮುಖ್ಯವಾದದ್ದು ಮನೆ ಮುಂದಿನ ಆ ಒಂದು ಗಂಟೆ. ನಿಂತಲ್ಲೇ ಓಡುವ ಗಾಡಿಗೆ ಗಾಳಿ ಬಡಿಯುವುದಿಲ್ಲ. ಬಾನೆಟ್ ಒಳಗೆ ರಸ್ತೆಯಲ್ಲಿ ಇರುವುದಕ್ಕಿಂತ ಜಾಸ್ತಿ ಕಾವು ಇರುತ್ತದೆ. ಕಾಯಿಲ್ಲೋ ಕಂಡೆನ್ಸರ್ರೋ ಬಿಸಿಗೆ ಕೈಕೊಡುವುದಾದರೆ ಅಲ್ಲೇ ಕೊಡಬೇಕಿತ್ತು. ಕೊಡಲಿಲ್ಲ. ಹಾಗಾದರೆ ಇದು ಬಿಸಿಯ ದೋಷ ಅಲ್ಲ, ನಿಮಿಷದ ದೋಷವೂ ಅಲ್ಲ. ಎಷ್ಟು ಪೆಟ್ರೋಲು ಕೇಳುತ್ತೇವೋ ಅದರ ದೋಷ.

ಲೆಕ್ಕ ಹಾಕಿ ನೋಡಿ. ಈ ಗಾಡಿ ಒಂದು ಇಂಗ್ಲಿಷ್ ಗ್ಯಾಲನ್ನಿಗೆ, ಅಂದರೆ ಸುಮಾರು 4.5 ಲೀಟರಿಗೆ, 25 ಮೈಲಿ ಕೊಡುತ್ತದೆ ಅಂದುಕೊಳ್ಳೋಣ. 50 ಮೈಲಿ ವೇಗದಲ್ಲಿ ಗಂಟೆಗೆ 9 ಲೀಟರ್ ಬೇಕು. ಅಂದರೆ ನಿಮಿಷಕ್ಕೆ 150 ಮಿ.ಲೀ. ಏರಿನಲ್ಲಿ ಅದಕ್ಕಿಂತ ತುಂಬಾ ಜಾಸ್ತಿ. ಸ್ಲೋ ಸ್ಪೀಡಿನಲ್ಲಿ ಅದರ ಒಂದು ಚೂರು ಸಾಕು. ಪೆಟ್ರೋಲು ಬರುವ ದಾರಿ ಮುಕ್ಕಾಲು ಪಾಲು ಮುಚ್ಚಿದ್ದರೂ ಮನೆ ಮುಂದೆ ಗಾಡಿ ಚೆನ್ನಾಗೇ ಓಡುತ್ತದೆ.

ಗಾಡಿ ಸಾಯುವ ಆ ಎರಡು ನಿಮಿಷ

ಈ ತರಹದ ದೋಷವನ್ನು ಗ್ಯಾರೇಜಿನಲ್ಲಿ ಹುಡುಕಲು ಆಗುವುದಿಲ್ಲ. ಗಾಡಿ ಸತ್ತ ಜಾಗದಲ್ಲೇ, ಸತ್ತ ಗಳಿಗೆಯಲ್ಲೇ ನೋಡಬೇಕು. ಟೋ ಮಾಡಿಸಿಕೊಂಡು ಮನೆಗೆ ತರುವಷ್ಟರಲ್ಲಿ ಸಾಕ್ಷಿ ಎಲ್ಲ ಮಾಯ. ಹಾಗಾಗಿ ಬೇಕೆಂದೇ ಅದೇ ರಸ್ತೆಗೆ ಹೋದೆ. ಗಾಡಿ ನಿಲ್ಲಿಸಲು ಜಾಗ ಇರುವ ಕಡೆ ಮೊದಲೇ ನೋಡಿಟ್ಟುಕೊಂಡೆ. ಓಡುವ ರಸ್ತೆಯ ಅಂಚಿನಲ್ಲಿ ಗಾಡಿ ಕೆಳಗೆ ತಲೆ ಹಾಕುವ ಸಾಹಸ ಯಾರೂ ಮಾಡಬೇಡಿ.

ಮೊದಲನೆಯದು, ಗಾಡಿ ಬಿಕ್ಕಳಿಸುತ್ತಿರುವಾಗಲೇ ಚೋಕ್ ಎಳೆಯಿರಿ. ಒಂದು ಗಳಿಗೆಯಾದರೂ ಚೇತರಿಸಿಕೊಂಡರೆ ಇಂಜಿನ್ನಿಗೆ ಪೆಟ್ರೋಲು ಸಾಲುತ್ತಿಲ್ಲ ಅಂತ ಅರ್ಥ. ನನ್ನದು ಚೇತರಿಸಿಕೊಂಡಿತು.

ಎರಡನೆಯದು ಆರ್‌ಪಿಎಂ ಮೀಟರ್. ಇದು ಬಹಳ ಜನಕ್ಕೆ ಗೊತ್ತಿಲ್ಲದ ಉಪಾಯ. ಈ ಗಾಡಿಯ ಆರ್‌ಪಿಎಂ ಮೀಟರ್ ನಡೆಯುವುದು ಇಗ್ನಿಷನ್ ಕರೆಂಟಿನಿಂದ. ಇಂಜಿನ್ ಸತ್ತಾಗ ಕ್ಲಚ್ ಒತ್ತದೆ, ಗೇರಿನಲ್ಲೇ ಗಾಡಿಯನ್ನು ಉರುಳಲು ಬಿಡಿ. ಚಕ್ರ ಇಂಜಿನ್ನನ್ನು ತಿರುಗಿಸುತ್ತಿರುತ್ತದೆ. ಮುಳ್ಳು ದಬಕ್ಕನೆ ಸೊನ್ನೆಗೆ ಬಿದ್ದರೆ ಕರೆಂಟು ಹೋಗಿದೆ. ಸ್ವಿಚ್ಚು, ಸಿ.ಬಿ. ಪಾಯಿಂಟ್, ಅದರ ವೈರು, ಇವನ್ನು ಹುಡುಕಿ. ಗಾಡಿಯ ವೇಗದ ಜೊತೆಗೇ ಮುಳ್ಳು ನಿಧಾನಕ್ಕೆ ಇಳಿದರೆ ಅಷ್ಟರ ಮಟ್ಟಿಗೆ ಕರೆಂಟು ಇದೆ ಅಂತಾಯಿತು. ನನ್ನದು ನಿಧಾನಕ್ಕೆ ಇಳಿಯಿತು. ಕಾಯಿಲ್ ಬದಲಿಸುವ ಮೊದಲೇ ಇದನ್ನು ನೋಡಿದ್ದರೆ ಅಷ್ಟು ದುಡ್ಡು ಉಳಿಯುತ್ತಿತ್ತು.

ಮೂರನೆಯದು, ಗಾಡಿ ನಿಂತ ಮೇಲೆ ಕೀ ತಿರುಗಿಸಿ ಆಫ್ ಮಾಡಬೇಡಿ. ಒಂದೆರಡು ನಿಮಿಷ ಹಾಗೇ ಬಿಟ್ಟು ಪಂಪಿನ ಸದ್ದು ಕೇಳಿ. ಎಂಜಿಬಿಯ ಪೆಟ್ರೋಲ್ ಪಂಪು ಇಂಜಿನ್ ಹತ್ತಿರ ಇಲ್ಲ, ಹಿಂದಿನ ಬಲಗಡೆ ಚಕ್ರದ ಮುಂದೆ, ಗಾಡಿಯ ಕೆಳಗೆ ಇದೆ. ಕರೆಂಟಿನಲ್ಲಿ ನಡೆಯುವ ಎಸ್‌ಯು ಪಂಪು. ಟಿಕ್ ಟಿಕ್ ಅಂತ ಬಡಿಯುತ್ತದೆ. ಈ ಪಂಪಿನ ಮಾತು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ.

ಆನ್ ಮಾಡಿದ ತಕ್ಷಣ ಕೆಲವು ಸಲ ಬಡಿದು, ನಿಧಾನವಾಗಿ, ನಿಂತರೆ ಎಲ್ಲ ಸರಿ ಇದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲು ನಿಲ್ಲುವ ಫ್ಲೋಟ್ ಚೇಂಬರ್ ತುಂಬಿತು, ಇನ್ನು ಬೇಡ ಅಂತ ಅರ್ಥ. ನಿಲ್ಲದೆ ಪಟಪಟ ಬಡಿಯುತ್ತಿದ್ದರೆ ಪಂಪು ಪೆಟ್ರೋಲಿನ ಬದಲು ಗಾಳಿ ಎಳೆಯುತ್ತಿದೆ. ಟ್ಯಾಂಕ್ ಖಾಲಿ ಇರಬೇಕು, ಇಲ್ಲವೇ ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ತೂತು ಇರಬೇಕು. ಅಥವಾ ಪಂಪಿನ ಮುಂದೆ ಎಲ್ಲೋ ಪೆಟ್ರೋಲು ಸೋರುತ್ತಿರಲೂಬಹುದು, ಮೊದಲು ಮೂಗು ಇಟ್ಟು ನೋಡಿ.

ಸದ್ದೇ ಇಲ್ಲದಿದ್ದರೆ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಸದ್ದಿಲ್ಲದ ಪಂಪಿಗೆ ಮೂರು ಕಾರಣ ಇರಬಹುದು. ಪಂಪಿಗೆ ಕರೆಂಟು ಬರುತ್ತಿಲ್ಲ ಅಥವಾ ಅದರೊಳಗಿನ ಪಾಯಿಂಟ್ ಹೋಗಿದೆ. ಇಲ್ಲವೇ ಮುಂದಿನ ದಾರಿ ಮುಚ್ಚಿದೆ. ಇಲ್ಲವೇ ಹಿಂದಿನ, ಟ್ಯಾಂಕಿನ ಕಡೆಯ ದಾರಿ ಮುಚ್ಚಿದೆ. ಇದನ್ನು ಬಿಡಿಸುವುದು ಕೈ. ಪಂಪಿನೊಳಗೆ ಕರೆಂಟಿನ ಸುರುಳಿ ಡಯಾಫ್ರಮ್ ಅನ್ನುವ ಪೊರೆಯನ್ನು ಎಳೆದಾಗ ಪೆಟ್ರೋಲು ಒಳಗೆ ಬರುತ್ತದೆ, ಸ್ಪ್ರಿಂಗ್ ತಳ್ಳಿದಾಗ ಮುಂದೆ ಹೋಗುತ್ತದೆ. ಮುಂದಿನ ದಾರಿ ಮುಚ್ಚಿದ್ದರೆ ಸ್ಪ್ರಿಂಗ್ ತಳ್ಳಲಾಗದೆ ಕಾಯುತ್ತದೆ. ಆಗ ಕರೆಂಟು ಹರಿಯುವುದಿಲ್ಲ, ಪಂಪು ತಣ್ಣಗೆ ಇರುತ್ತದೆ. ಹಿಂದಿನ ದಾರಿ ಮುಚ್ಚಿದ್ದರೆ ಸುರುಳಿ ಎಳೆಯುತ್ತಲೇ ಇರುತ್ತದೆ, ಡಯಾಫ್ರಮ್ ಬರುವುದಿಲ್ಲ, ಕರೆಂಟು ಹರಿಯುತ್ತಲೇ ಇರುತ್ತದೆ. ಪಂಪು ಸುಡುತ್ತದೆ.

ನನ್ನ ಪಂಪು ನಾಲ್ಕೈದು ಸೆಕೆಂಡಿಗೆ ಒಂದು ಸಲ ಬಡಿಯುತ್ತಿತ್ತು, ಮುದುಕರು ಮೆಟ್ಟಿಲು ಹತ್ತುವ ಹಾಗೆ. ಆಮೇಲೆ ನಿಂತಿತು. ಮುಟ್ಟಿದರೆ ದೋಸೆ ಕಾವಲಿ.

ನಾಲ್ಕನೆಯದು ಚಿಕ್ಕಪ್ಪ ಹೇಳಿದ ಮುಚ್ಚಳ. ಈ ಗಾಡಿಯಲ್ಲಿ ಟ್ಯಾಂಕಿಗೆ ಗಾಳಿ ಹೋಗುವುದು ಮುಚ್ಚಳದ ಮೂಲಕವೇ. ಚೆಂದ ಕಾಣುತ್ತದೆ ಅಂತ ಗಾಳಿಕಿಂಡಿ ಇಲ್ಲದ ಬೀಗದ ಮುಚ್ಚಳ ಹಾಕಿದರೆ, ಪೆಟ್ರೋಲು ಇಳಿದ ಹಾಗೆಲ್ಲ ಟ್ಯಾಂಕಿನೊಳಗೆ ಗಾಳಿ ಕಡಿಮೆಯಾಗುತ್ತದೆ. ಪಂಪು ಎಷ್ಟು ಎಳೆದರೂ ಬರುವುದಿಲ್ಲ. ಲಕ್ಷಣ ಎಲ್ಲ ಒಂದೇ, ಪಂಪು ಬಿಸಿಯಾಗುವುದು ಸಹ. ಮುಚ್ಚಳ ತೆಗೆದಾಗ 'ಉಸ್' ಅಂತ ಗಾಳಿ ಒಳಗೆ ನುಗ್ಗಿ, ಪಂಪು ಕೂಡಲೇ ಬಡಿಯಲು ಶುರುಮಾಡಿದರೆ ಕಳ್ಳ ಸಿಕ್ಕಿದ ಹಾಗೆ. ಹೊಸ ಮುಚ್ಚಳದ ಖರ್ಚಿನಲ್ಲಿ ಮುಗಿಯಿತು.

ನಾನು ತೆಗೆದೆ. ಉಸ್ ಅನ್ನಲಿಲ್ಲ. ಅಷ್ಟು ಸುಲಭದಲ್ಲಿ ಮುಗಿಯುವ ಗಾಡಿ ಇದಲ್ಲ.

ಫಿಲ್ಟರ್ ಹೇಳಿದ ಸುಳ್ಳು

ಹಾಗಾದರೆ ಉಳಿದದ್ದು ಟ್ಯಾಂಕಿನಿಂದ ಪಂಪಿನವರೆಗಿನ ದಾರಿ. ಅದನ್ನು ನಾನು ಮೊದಲೇ ಬಿಟ್ಟುಬಿಟ್ಟಿದ್ದೆ. ಯಾಕೆಂದರೆ ಬಾನೆಟ್ ಒಳಗಿನ ಪಾರದರ್ಶಕ ಫಿಲ್ಟರ್ ಕನ್ನಡಿಯ ಹಾಗೆ ಕ್ಲೀನಾಗಿತ್ತು. ಫಿಲ್ಟರಿನಲ್ಲಿ ಕಸ ಇಲ್ಲ, ಆದ್ದರಿಂದ ಟ್ಯಾಂಕಿನಲ್ಲೂ ಕಸ ಇಲ್ಲ ಅಂತ ಲೆಕ್ಕ ಹಾಕಿದ್ದೆ.

ತಪ್ಪು ಎಲ್ಲಿ ಅಂದರೆ, ಟ್ಯಾಂಕಿನೊಳಗೆ ಪೆಟ್ರೋಲು ಹೀರುವ ಕೊಳವೆಯ ತುದಿಯಲ್ಲೇ ಒಂದು ಸಣ್ಣ ಜಾಲರಿ ಇದೆ. ದೊಡ್ಡ ಕಸ ಅಲ್ಲೇ ನಿಲ್ಲುತ್ತದೆ, ಫಿಲ್ಟರಿನವರೆಗೆ ಬರುವುದೇ ಇಲ್ಲ. ಫಿಲ್ಟರ್ ಕ್ಲೀನಾಗಿದ್ದದ್ದು ಟ್ಯಾಂಕ್ ಕ್ಲೀನಾಗಿದ್ದಕ್ಕಲ್ಲ, ಜಾಲರಿ ಕಟ್ಟಿಕೊಂಡಿದ್ದಕ್ಕೆ.

ಪಂಪಿನ ಪರೀಕ್ಷೆಯನ್ನೂ ನಾನು ಮೊದಲು ಅರ್ಧ ಮಾಡಿದ್ದೆ. ಕಾರ್ಬೊರೇಟರಿನ ಹತ್ತಿರ ಪೈಪು ಬಿಚ್ಚಿ ಕ್ಯಾನಿಗೆ ಇಳಿಬಿಟ್ಟು, ಇಂಜಿನ್ ಓಡಿಸದೆ ಬರೀ ಕೀ ಆನ್ ಮಾಡಿದರೆ, ನಿಮಿಷಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಬರಬೇಕು. ಒಳ್ಳೇ ಪಂಪು ಒಂದು ಲೀಟರಿನ ಹತ್ತಿರ ಕೊಡುತ್ತದೆ. ನಾನು ಅರ್ಧ ನಿಮಿಷ ನೋಡಿ, ಪರವಾಗಿಲ್ಲ ಅಂತ ಮುಚ್ಚಿದ್ದೆ. ಈ ಸಲ ಮೂರು ಲೀಟರ್ ಬರುವವರೆಗೆ ಬಿಟ್ಟೆ. ಮೊದಲ ಲೀಟರ್ ಸಲೀಸಾಗಿ ಬಂತು. ಎರಡನೆಯದಕ್ಕೆ ಧಾರೆ ಸಣ್ಣಗಾಯಿತು. ಮೂರನೆಯದು ತುಂಬಲೇ ಇಲ್ಲ. ಐದು ನಿಮಿಷ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಧಾರೆ ಮೊದಲಿನಂತೆ! ಬೆಲ್ಪರ್ ರಸ್ತೆ ಕ್ಯಾನಿನೊಳಗೇ ಬಂದಿತ್ತು.

ಈ ಪರೀಕ್ಷೆ ಮಾಡುವಾಗ ಬಾಗಿಲು ತೆಗೆದಿರಲಿ. ಹೀಟರ್, ಬೀಡಿ, ಗ್ರೈಂಡರ್ ಯಾವುದೂ ಹತ್ತಿರ ಬೇಡ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇರಲಿ.

ಕೊನೆಯ ಖಾತ್ರಿಗೆ ಲಾರಿ ಡ್ರೈವರ್‌ಗಳ ಹಳೇ ಉಪಾಯ ಇದೆ. ಪಂಪಿನ ಹತ್ತಿರ ಟ್ಯಾಂಕಿನ ಕಡೆಯ ಪೈಪು ಬಿಚ್ಚಿ ಹಿಂದಕ್ಕೆ ಊದುವುದು. ಚಿಕ್ಕಪ್ಪ ಬಾಯಲ್ಲೇ ಊದುತ್ತಿದ್ದರಂತೆ, ನೀವು ಸೈಕಲ್ ಪಂಪು ತಗೊಳ್ಳಿ. ಮುಚ್ಚಳ ತೆಗೆದು, ಮೆಲ್ಲಗೆ ಊದಿ. ಮೊದಲು ಬಿಗಿ ಅನ್ನಿಸಿ, ಆಮೇಲೆ ತಟ್ಟನೆ ಬಿಟ್ಟುಕೊಂಡು ಟ್ಯಾಂಕಿನೊಳಗೆ ಗುಳುಗುಳು ಅಂದರೆ ಜಾಲರಿ ಮುಚ್ಚಿತ್ತು, ಈಗ ಬಿಡಿಸಿಕೊಂಡಿತು. ಇದರಿಂದ ಮನೆಯವರೆಗೂ ಬರಬಹುದು. ಆದರೆ ಇದು ರಿಪೇರಿ ಅಲ್ಲ.

ಟ್ಯಾಂಕಿನೊಳಗೆ

ಟ್ಯಾಂಕ್ ಇರುವುದು ಡಿಕ್ಕಿಯ ಕೆಳಗೆ, 54 ಲೀಟರಿನದು. ಪೆಟ್ರೋಲು ಖಾಲಿ ಮಾಡಿ, ಬೋಲ್ಟು ಬಿಚ್ಚಿ ಇಳಿಸಿದೆ. ಪೆಟ್ರೋಲ್ ಮೀಟರಿನ ಫ್ಲೋಟ್ ಇರುವ ಕಿಂಡಿ ತೆಗೆದು, ಟ್ಯಾಂಕನ್ನು ಬಗ್ಗಿಸಿ ಅಲ್ಲಾಡಿಸಿದರೆ ಬಟ್ಟೆಯ ಮೇಲೆ ಬಿದ್ದದ್ದು ಕಂದು ಬಣ್ಣದ ಅವಲಕ್ಕಿ. ತೆಳ್ಳಗೆ, ಹಗುರಕ್ಕೆ, ಉಗುರಿನಷ್ಟು ದೊಡ್ಡ ತುಕ್ಕಿನ ಪೊರೆಗಳು. ಒಂದು ಬೊಗಸೆ ಇರಬಹುದು.

ಈಗ ಕಥೆ ಪೂರ್ತಿಯಾಯಿತು. ಪೆಟ್ರೋಲು ಜೋರಾಗಿ ಹರಿದಾಗ ಪೊರೆಗಳು ಒಂದೊಂದಾಗಿ ಬಂದು ಜಾಲರಿಗೆ ಅಂಟಿಕೊಳ್ಳುತ್ತವೆ. ಪಂಪು ಎಳೆಯುವವರೆಗೂ ಬಿಡುವುದಿಲ್ಲ. ಗಾಡಿ ನಿಂತು, ಎಳೆತ ನಿಂತ ಮೇಲೆ ಕಳಚಿಕೊಂಡು ತಳಕ್ಕೆ ಹೋಗುತ್ತವೆ. ಹತ್ತು ನಿಮಿಷ ಬೇಕಾದದ್ದು ಇಂಜಿನ್ ತಣ್ಣಗಾಗುವುದಕ್ಕಲ್ಲ, ಅವಲಕ್ಕಿ ಕೆಳಗೆ ಕೂರುವುದಕ್ಕೆ.

ಈ ತುಕ್ಕು ಹೇಗೆ ಬಂತು? ಅರ್ಧ ಖಾಲಿ ಟ್ಯಾಂಕ್ ಹದಿನೆಂಟು ವರ್ಷ ನಿಂತಿತ್ತು. ಖಾಲಿ ಜಾಗದ ಗಾಳಿಯಲ್ಲಿನ ತೇವ ರಾತ್ರಿ ತಣ್ಣನೆ ತಗಡಿನ ಮೇಲೆ ನೀರಾಗಿ ಕೂತಿತ್ತು. ಹೊರಗಡೆಯೂ ಕಡಿಮೆ ಇರಲಿಲ್ಲ. ಎಂಜಿಬಿ ಟ್ಯಾಂಕು ಮೇಲಿನಿಂದ ಕೊಳೆಯುವ ಟ್ಯಾಂಕು. ಡಿಕ್ಕಿಯ ನೆಲಕ್ಕೂ ಟ್ಯಾಂಕಿನ ತಲೆಗೂ ಮಧ್ಯೆ ಕೆಸರು, ನೀರು, ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ಎಲ್ಲ ಸೇರಿ ಕೂರುತ್ತವೆ. ಕೆಳಗಿನಿಂದ ನೋಡಿದರೆ ಟ್ಯಾಂಕ್ ಹೊಸದರಂತೆ ಕಾಣುತ್ತದೆ. ಫುಲ್ ಟ್ಯಾಂಕ್ ಹಾಕಿಸಿದ ದಿನ ಮಾತ್ರ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮೇಲ್ಗಡೆ ತೂತಾಗಿದೆ ಅಂತ ತಿಳಿಯಿರಿ.

ತೊಳೆಯುವುದೋ, ಬದಲಿಸುವುದೋ? ತೊಳೆಯಬಹುದು. ನನಗೆ ಇಷ್ಟವಾದ ವಿಧಾನ ಕಾಕಂಬಿ. ಹೌದು, ಕಬ್ಬಿನ ಕಾಕಂಬಿಯೇ. ಇಲ್ಲಿ ಕುದುರೆ ಮೇವಿನ ಅಂಗಡಿಯಲ್ಲಿ ಸಿಗುತ್ತದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ, ಎರಡು ಮೂರು ವಾರ ಮುಳುಗಿಸಿಟ್ಟರೆ ತುಕ್ಕು ಬಿಡುತ್ತದೆ, ಒಳ್ಳೇ ಕಬ್ಬಿಣ ಉಳಿಯುತ್ತದೆ. ವಾಸನೆಗೆ ನನ್ನ ಹೆಂಡತಿ ಗ್ಯಾರೇಜಿನ ಕಡೆ ಬರುವುದನ್ನೇ ಬಿಟ್ಟಳು. ನನಗೋ ಮಂಡ್ಯದ ಸಕ್ಕರೆ ಕಾರ್ಖಾನೆ ಮುಂದೆ ನಿಂತ ಹಾಗಿತ್ತು. ಬ್ರಾಕೆಟ್ಟು, ಹಿಂಜು, ಬೋಲ್ಟು, ಇಂಥವಕ್ಕೆ ಇದಕ್ಕಿಂತ ಒಳ್ಳೇದಿಲ್ಲ. ಅಲ್ಯೂಮಿನಿಯಂ ಸಾಮಾನು ಮಾತ್ರ ಹಾಕಬೇಡಿ, ತಿಂದುಹಾಕುತ್ತದೆ. ಕಾರ್ಬೊರೇಟರ್ ಅಂತೂ ಹತ್ತಿರಕ್ಕೂ ತರಬೇಡಿ.

ಆದರೆ ಟ್ಯಾಂಕಿಗೆ ನಾನು ಇದನ್ನು ಮಾಡಲಿಲ್ಲ. ಮೇಲ್ಗಡೆಯ ತಗಡು ಸ್ಕ್ರೂಡ್ರೈವರ್ ತಾಗಿಸಿದರೆ ಪುಡಿಯಾಗುತ್ತಿತ್ತು. ಒಳಗೆ ಲೇಪ ಹಾಕಿ ಉಳಿಸುವವರಿದ್ದಾರೆ. ತುಕ್ಕು ಪೂರ್ತಿ ಹೋಗದೆ ಹಾಕಿದ ಲೇಪ ಒಂದು ದಿನ ಎದ್ದು ಬಂದರೆ ಮತ್ತೆ ಅದೇ ಅವಲಕ್ಕಿ, ಈ ಸಲ ಪ್ಲಾಸ್ಟಿಕ್ಕಿನದು. ಈ ಗಾಡಿಗೆ ಹೊಸ ಟ್ಯಾಂಕು ಈಗಲೂ ಸಿಗುತ್ತದೆ. ಹೊಸದನ್ನೇ ಹಾಕಿದೆ. ಹಾಕುವ ಮೊದಲು ತಲೆಯ ಮೇಲೆ ಎರಡು ಪದರ ಬಣ್ಣ, ಅದರ ಮೇಲೆ ಮೇಣ. ಹಳೇ ಟ್ಯಾಂಕಿಗೆ ತೇಪೆ ವೆಲ್ಡ್ ಮಾಡುವ ಯೋಚನೆ ಬೇಡವೇ ಬೇಡ. ಪೆಟ್ರೋಲು ಖಾಲಿಯಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗಿರುವ ಆವಿಗೆ ಒಂದು ಕಿಡಿ ಸಾಕು.

ಅದೇ ತುಕ್ಕು, ಬೇರೆ ಜಾಗ

ಗಾಡಿ ಕೆಳಗೆ ಮಲಗಿದ್ದಾಗ ನೋಡಲೇಬೇಕಾದ ಇನ್ನೊಂದು ಜಾಗ ಇದೆ, ಬಾಗಿಲ ಕೆಳಗಿನ ಸಿಲ್. ಎಂಜಿಎಗೆ ಬೇರೆಯಾಗಿ ಚಾಸಿಸ್ ಇತ್ತು. 1962ರಲ್ಲಿ ಬಂದ ಎಂಜಿಬಿಗೆ ಇಲ್ಲ, ಬಾಡಿಯೇ ಚಾಸಿಸ್. ಅದರಲ್ಲೂ ರೋಡ್‌ಸ್ಟರಿಗೆ ಮೇಲೆ ತಗಡಿನ ಟಾಪೂ ಇಲ್ಲ. ಗಾಡಿ ನಡುವಿಗೆ ಮಡಚಿಕೊಳ್ಳದೆ ಇರುವುದು ಸಿಲ್ಲಿನ ಬಲದಿಂದ. ಹೊರಗಿನ ತಗಡು, ಒಳಗಿನ ತಗಡು, ಅವುಗಳ ಕೆಳಗೆ ಕೋಟೆಯ ತೆನೆಯಂತೆ ಮಡಚಿದ ಇನ್ನೊಂದು ತಗಡು. ಮೂರೂ ಸೇರಿದ ಪೆಟ್ಟಿಗೆ ಅದು.

ಹೊರಗಿನದು ಕೊಳೆತಿದ್ದರೆ ಹಿಂದಿನವರು ಮೇಲೊಂದು ಹೊಸ ತಗಡು ಹೊದಿಸಿ ಬಣ್ಣ ಹೊಡೆದಿರುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟಿ, ಹಲಸಿನಹಣ್ಣು ತಟ್ಟಿ ನೋಡಿದ ಹಾಗೆ. ಟಣ್ ಅಂದರೆ ತಗಡು, ದೊಪ್ ಅಂದರೆ ಪುಟ್ಟಿ ಅಥವಾ ಕೆಸರು. ಆಯಸ್ಕಾಂತ ಹಿಡಿದುಕೊಳ್ಳದ ಕಡೆ ಪುಟ್ಟಿ ಇದ್ದೇ ಇದೆ. ಆಮೇಲೆ ಬಾಗಿಲ ಸಂದು ನೋಡಿ. ಸಂದಿಗೆ ಸರಿಯಾಗಿ ಕೂರುವಷ್ಟು ನಾಣ್ಯ ಸೇರಿಸಿ, ಗಾಡಿ ನೆಲದ ಮೇಲಿದ್ದಾಗ ಒಮ್ಮೆ, ಒಂದು ಕಡೆ ಜಾಕ್ ಎತ್ತಿದಾಗ ಒಮ್ಮೆ ಅಳೆಯಿರಿ. ಸಂದು ಬದಲಾದರೆ, ಬಾಗಿಲು ಬಿಗಿಯಾದರೆ, ಸಿಲ್ ಸತ್ತಿದೆ. ಅದನ್ನು ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣ ಕಟ್ಟದಿದ್ದರೆ ಗಾಡಿ ಬಾಳೆಹಣ್ಣಿನ ಆಕಾರಕ್ಕೆ ಬರುತ್ತದೆ, ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ.

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಮಾರ್ಪಾಟು ಆಗದ ಗಾಡಿಗೆ 2018ರಿಂದ ವರ್ಷದ ಎಂಒಟಿ ಪರೀಕ್ಷೆ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಅನ್ನುವ ತಪಾಸಣೆ, ಕಡ್ಡಾಯ ಅಲ್ಲ. ನಾನು ಆದರೂ ಮಾಡಿಸುತ್ತೇನೆ. ಬೇರೆಯವರ ಕಣ್ಣಿಗೆ ಬೀಳುವ ತುಕ್ಕು ನಮ್ಮ ಕಣ್ಣಿಗೆ ಬೀಳುವುದಿಲ್ಲ, ನಮ್ಮ ಮಕ್ಕಳ ತುಂಟಾಟದ ಹಾಗೆ.

ಬಣ್ಣ ಹೊಡೆದ ಮೇಲೆ ಬರುವ ದೋಷ

ಇದನ್ನು ಚುಟುಕಾಗಿ ಹೇಳುತ್ತೇನೆ. ಚೆನ್ನಾಗಿ ಬಣ್ಣ ಹೊಡೆದು ಜೋಡಿಸಿದ ಗಾಡಿಯಲ್ಲಿ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುವುದು, ಹಿಂದಿನ ದೀಪ ಮಂಕಾಗುವುದು ನಡೆದರೆ ವೈರಿಂಗ್ ಪೂರ್ತಿ ಬಿಚ್ಚಬೇಡಿ. ಅರ್ತ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಬಾಡಿಗೆ ಸೇರುವ ಜಾಗದ ಮೇಲೆ ನೀವೇ ಬಣ್ಣ ಹೊಡೆದಿದ್ದೀರಿ. ದೀಪ ಉರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ದೀಪದ ಲೋಹದ ಮೈಗೆ ಇಡಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಆ ಜಾಗ ಉಜ್ಜಿ ಬಿಳಿ ತಗಡು ಕಾಣಿಸಿ, ಬಿಗಿ ಮಾಡಿ, ಗ್ರೀಸ್ ಹಚ್ಚಿ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗುತ್ತಿದ್ದರೆ ಇಂಜಿನ್ನಿಗೂ ಬಾಡಿಗೂ ಇರುವ ಅರ್ತ್ ಪಟ್ಟಿ ಹಾಕುವುದನ್ನೇ ಮರೆತಿದ್ದೀರಿ. ಸೆಲ್ಫಿನ ಕರೆಂಟೆಲ್ಲ ಆ ಬಡಪಾಯಿ ಕೇಬಲ್ಲಿನಲ್ಲಿ ಹೋಗುತ್ತಿದೆ. ಈ ಎರಡನೆಯ ತಪ್ಪು ಮಾಡಿದ್ದು ನಾನೇ.

ರಿಪೇರಿ ಆದ ಮೇಲೆ

ಹೊಸ ಟ್ಯಾಂಕು, ಹೊಸ ಹೀರುವ ಜಾಲರಿ ಹಾಕಿದೆ. ಟ್ಯಾಂಕಿನಿಂದ ಪಂಪಿಗೆ ಬರುವ ಲೋಹದ ಪೈಪಿಗೆ ಗಾಳಿ ಹೊಡೆದು ಕ್ಲೀನ್ ಮಾಡಿದೆ. ಬಿಸಿಯಾಗಿದ್ದ ಪಂಪಿನ ಪಾಯಿಂಟ್ ಸುಟ್ಟಿತ್ತು, ಬದಲಿಸಿದೆ. ಕ್ಯಾನಿನ ಪರೀಕ್ಷೆಯಲ್ಲಿ ಐದು ಲೀಟರ್ ಒಂದೇ ಸಮ ಬಂತು. ಬೆಲ್ಪರ್ ದಾಟಿ, ಕ್ರಾಮ್‌ಫರ್ಡ್ ಏರು ಹತ್ತಿ ವರ್ಕ್ಸ್‌ವರ್ತ್ ತಲುಪಿದೆ. ಅಲ್ಲಿಂದ ಚಿಕ್ಕಪ್ಪನಿಗೆ ಫೋನ್ ಮಾಡಿದರೆ, "ಕಾಯಿಲ್ ಹಳೇದು ಇದ್ರೆ ಇಟ್ಕೊಂಡಿರು, ಹೊಸವು ಬರಾಕಿಲ್ಲ" ಅಂದರು.

ಇನ್ನು ಒಂದು ಕೆಲಸ ಬಾಕಿ. 200 ಮೈಲಿ ಓಡಿದ ಮೇಲೆ ಬಾನೆಟ್ ಒಳಗಿನ ಫಿಲ್ಟರ್ ಬಿಚ್ಚಿ, ಅದರಲ್ಲಿರುವುದನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಒಣಗಲು ಬಿಡಿ. ಕಂದು ಪುಡಿ ಇದ್ದರೆ ಲೋಹದ ಪೈಪಿನೊಳಗೆ ತುಕ್ಕು ಉಳಿದಿದೆ, ಪೈಪು ಬದಲಿಸಿ. ಕಪ್ಪು ಚೂರು ಇದ್ದರೆ ರಬ್ಬರ್ ಪೈಪು ಒಳಗಿನಿಂದ ಕರಗುತ್ತಿದೆ. 2021ರ ಸೆಪ್ಟೆಂಬರಿನಿಂದ ಇಲ್ಲಿ ಸಾಧಾರಣ ಪೆಟ್ರೋಲಿನಲ್ಲಿ 10 ಪರ್ಸೆಂಟ್‌ವರೆಗೆ ಎಥೆನಾಲ್ ಇರುತ್ತದೆ, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಎಥೆನಾಲ್ ತಾಳುವ ಪೈಪು ಕೇಳಿ ತಗೊಳ್ಳಿ. ನನ್ನ ಬಟ್ಟೆಯ ಮೇಲೆ ಕಂದು ಇರಲಿಲ್ಲ. ಕಪ್ಪು ನಾಲ್ಕು ಚೂರು ಇತ್ತು. ಈ ಶನಿವಾರ ಅದರ ಕೆಲಸ.